ಬೆಣ್ಣೆಕೈಯವನ ಉಳಿಗಳು

ನಾಲ್ಕನೆಯ ಉಳಿಯನ್ನೂ ಅವನು ಮುಂಗೈ ಕೂದಲ ಮೇಲೆ ಆಡಿಸಿ ನೋಡಿದ. ಒಂದೆಳೆಯೂ ಬೀಳಲಿಲ್ಲ. ಪಕ್ಕಕ್ಕಿಟ್ಟ.

"ಅಣ್ಣ, ಇದು ಮರ ಕೆತ್ತೋದು. ಗಡ್ಡ ತೆಗೆಯೋದಲ್ಲ," ಎಂದಳು ಅಂಗಡಿಯಾಕೆ.

ಆಕೆ ತಮಾಷೆಗೆ ಅಂದದ್ದು. ಆದರೆ ಇಪ್ಪತ್ತೆಂಟು ವರ್ಷ ಅವನು ತೆಗೆದದ್ದು ಗಡ್ಡವನ್ನೇ. ಕತ್ತಿ ಮುಟ್ಟಿದ್ದೇ ಗೊತ್ತಾಗುವುದಿಲ್ಲವೆಂದು ಗಿರಾಕಿಗಳು ಅವನನ್ನು ಬೆಣ್ಣೆಕೈ ಎಂದೇ ಕರೆಯುತ್ತಿದ್ದರು. ಹೋದ ವರ್ಷ ಆ ಕೈಗೆ ನಡುಕ ಹತ್ತಿತು. ನಿವೃತ್ತ ಹೆಡ್‌ಮಾಸ್ತರರ ಕಿವಿಯ ಕೆಳಗೆ ಕುಯ್ದ ದಿನ ಅವರು ಬೈಯಲಿಲ್ಲ; ಟವೆಲ್ ಒತ್ತಿಕೊಂಡು ಎದ್ದು ಹೋದರು. ಮತ್ತೆ ಬರಲಿಲ್ಲ. ಅವರ ಹಿಂದೆ ಒಬ್ಬೊಬ್ಬರಾಗಿ ಉಳಿದವರೂ ಬರುವುದು ಬಿಟ್ಟರು. ಈ ನಡುಕ ಹೋಗುವಂಥದ್ದಲ್ಲ ಎಂದರು ಡಾಕ್ಟರು. ಈಗ ಹೆಂಡತಿ ಲೋಟಕ್ಕೆ ಅರ್ಧ ಮಾತ್ರ ಚಹಾ ಹಾಕುತ್ತಾಳೆ.

ಬಾಗಿಲು, ಮಂಚಗಳಿಗೆ ಎಲೆ ಬಳ್ಳಿ ಕೆತ್ತುವ ಕಾರ್ಖಾನೆಯ ಕಿಟಕಿಯಲ್ಲಿ ನಿಂತು ಅವನು ದಿನಗಟ್ಟಲೆ ನೋಡಿದ್ದ. ಕ್ಷೌರದಲ್ಲಿ ಕೈ ಗಾಳಿಯಲ್ಲಿರುತ್ತದೆ. ಇಲ್ಲಿ ಕೈಯನ್ನು ಮರದ ಮೇಲೆ ಊರಬಹುದು. ಊರಿದ ಕೈ ನಡುಗಲಿಕ್ಕಿಲ್ಲ. ಮೇಸ್ತ್ರಿಯ ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಬೇಡಿಕೊಂಡ. ಅವನ ನಡುಗುವ ಕೈಯನ್ನೇ ನೋಡುತ್ತಿದ್ದ ಮೇಸ್ತ್ರಿ, ಪೀಡೆ ಕಳೆಯಲಿ ಎಂಬಂತೆ ಒಪ್ಪಿದ. ಅಲ್ಲಿ ಎಲ್ಲರದ್ದೂ ಅವರವರದೇ ಉಳಿ. ಶನಿವಾರ ತನ್ನ ಉಳಿ ತಂದು ಗಟ್ಟಿಮರದಲ್ಲಿ ಒಂದು ಎಲೆ ಕೆತ್ತಿ ತೋರಿಸಬೇಕು. ಇದೂ ಆಗದಿದ್ದರೆ ಈ ಕೈಗಳಿಗೆ ಜಗತ್ತಿನಲ್ಲಿ ಬೇರೆ ಕೆಲಸವಿಲ್ಲ.

ಹನ್ನೆರಡು ಉಳಿಗಳ ಹೊಳೆಯುವ ಪೆಟ್ಟಿಗೆಯನ್ನು ಅಂಗಡಿಯಾಕೆ ತಾನಾಗಿಯೇ ಒಳಗಿಟ್ಟಳು. ಕಲಿಯುವವನಿಗೆ ಮೂರು ಸಾಕಂತೆ: ಬಾಯಿ ನೇರವಾಗಿರುವುದೊಂದು, ತುಸು ಬಾಗಿದ್ದೊಂದು, ಗೆರೆ ಎಳೆಯಲು ಮೊನೆಯದೊಂದು. ಹೊಸ ಉಳಿ ಹರಿತವಾಗಿ ಬರುವುದಿಲ್ಲ, ಮನೆಯಲ್ಲಿ ಮಸೆದುಕೊಳ್ಳಬೇಕು ಎಂದವಳು ಹೇಗೆ ಮಸೆಯಬೇಕೆಂದು ಹೇಳಲು ಹೊರಟಾಗ ಅವನಿಗೆ ನಗು ಬಂತು. ನಕ್ಕು ಎಷ್ಟು ತಿಂಗಳಾಗಿತ್ತೋ.

"ಮಸೆಯೋದನ್ನ ನಂಗೆ ಹೇಳ್ಕೊಡ್ಬೇಡಮ್ಮ," ಎಂದ.

ಎರಡು ದಿನ ಮಸೆದ. ಕಲ್ಲಿನ ಮೇಲೆ ಅಲಗನ್ನು ಪೂರ್ತಿ ಮಲಗಿಸಿ, ಆಮೇಲೆ ಹಳೆಯ ಚರ್ಮದ ಪಟ್ಟಿಗೆ ಉಜ್ಜಿ ಉಜ್ಜಿ, ಕೂದಲು ತಾಗಿದರೆ ಬೀಳುವಷ್ಟು. ತೀರಾ ತೆಳ್ಳಗಾಯಿತಲ್ಲ ಎಂದ ಹೆಂಡತಿಯ ಮೇಲೆ ರೇಗಿದ. ಮನೆಯಲ್ಲಿ ಮರದ ತುಂಡಿತ್ತು, ಅದರ ಮೇಲೆ ಮಾತ್ರ ಒಮ್ಮೆಯೂ ಉಳಿ ಇಟ್ಟು ನೋಡಲಿಲ್ಲ. ನಡುಗಿಬಿಟ್ಟರೆ ಶನಿವಾರ ಬರುವ ಮೊದಲೇ ಎಲ್ಲ ಮುಗಿದುಹೋಗುತ್ತದಲ್ಲ.

ಶನಿವಾರ ಮೇಸ್ತ್ರಿ ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಎಲೆ ಬರೆದುಕೊಟ್ಟು ಹೋದ. ಮರದ ಕೊಡತಿಯಿಂದ ಮೂರನೆಯ ಏಟು ಬೀಳುತ್ತಲೇ ಉಳಿಯ ಬಾಯಿಂದ ಅಕ್ಕಿನುಚ್ಚಿನಷ್ಟು ಚೂರು ಹಾರಿತು. ಎರಡನೆಯದನ್ನು ತೆಗೆದುಕೊಂಡ, ಅದೂ ಮುಕ್ಕಾಯಿತು. ಮೂರನೆಯದೂ ಅಷ್ಟೆ. ಆಗ ಹೊಳೆಯಿತು: ಗಡ್ಡಕ್ಕೆ ಮಸೆದ ಅಲಗು ಮರದ ಪೆಟ್ಟನ್ನು ಎಲ್ಲಿ ತಾಳೀತು? ತನಗೆ ಚೆನ್ನಾಗಿ ಗೊತ್ತಿದ್ದ ಒಂದೇ ಒಂದು ವಿದ್ಯೆ, ಅದೇ ಅವನನ್ನು ಮುಳುಗಿಸಿತ್ತು. ಎದ್ದು ಹೋಗೋಣವೆಂದರೆ ಹೋಗುವುದಾದರೂ ಎಲ್ಲಿಗೆ. ಕೊಡತಿ ಕೆಳಗಿಟ್ಟು, ಮುಕ್ಕಾದ ಬಾಗು ಉಳಿಯನ್ನೇ ಎರಡೂ ಕೈಯಲ್ಲಿ ಹಿಡಿದು, ಅಂಗೈ ಮರಕ್ಕೆ ಒತ್ತಿ ತಳ್ಳತೊಡಗಿದ. ಬೆವರು ಹಲಗೆಯ ಮೇಲೆ ತೊಟ್ಟಿಕ್ಕಿದರೂ ನಿಲ್ಲಿಸಲಿಲ್ಲ.

ಮಧ್ಯಾಹ್ನ ಬಂದ ಮೇಸ್ತ್ರಿ ಉಳಿಗಳನ್ನು ಒಂದೊಂದಾಗಿ ಎತ್ತಿ ನೋಡಿದ.

"ಯಾರು ಮಸೆದಿದ್ದು ಇದನ್ನ?"

"ನಾನೇ."

ಮೇಸ್ತ್ರಿ ಹಲಗೆಯನ್ನು ಬೆಳಕಿಗೆ ಹಿಡಿದ. ಎಲೆ ಎಲೆಯಂತಿಲ್ಲ, ಸವೆದ ಚಪ್ಪಲಿಯಂತಿದೆ ಎಂದ. ಮುಕ್ಕಾದ ಬಾಯಿ ಹಾದುಹೋದಲ್ಲೆಲ್ಲ ಗೀರು ಬಿದ್ದಿತ್ತು. ಅಂಥದ್ದೊಂದು ಗೀರಿನ ಮೇಲೆ ಮೇಸ್ತ್ರಿ ಉಗುರನ್ನು ತೊಟ್ಟಿನಿಂದ ತುದಿಯವರೆಗೆ ಎಳೆದ. ಮತ್ತೊಂದರ ಮೇಲೆ ಎಳೆದ. ಮೊದಲಿನ ನಾಲ್ಕಾರು ಗೀರುಗಳು ಅಂಕುಡೊಂಕು. ಆಮೇಲಿನವು ಸ್ಕೇಲ್ ಇಟ್ಟು ಎಳೆದ ಹಾಗಿದ್ದವು.

"ಇಲ್ಲಿಂದ ಕೈ ನಡುಗೇ ಇಲ್ವಲ್ಲ," ಎಂದ ಮೇಸ್ತ್ರಿ, ತನಗೇ ಹೇಳಿಕೊಂಡಂತೆ. ಆಮೇಲೆ ಸಾಣೆಕಲ್ಲನ್ನು ಕಾಲಿನಿಂದ ಹತ್ತಿರಕ್ಕೆ ಎಳೆದುಕೊಂಡು ಕೂತ. "ಬಾ. ಮಸೆಯೋವಾಗ ಉಳೀನ ಇಷ್ಟು ಎತ್ತಿ ಹಿಡೀಬೇಕು. ಬಾಯಿ ದಪ್ಪ ಇರ್ಬೇಕು."

ಅವನು ಒಡನೆ ಏಳಲಿಲ್ಲ. ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು, ನೆಟ್ಟಗಿದ್ದ ಗೀರೊಂದರ ಮೇಲೆ ತನ್ನ ಬೆರಳನ್ನು ತುದಿಯವರೆಗೆ ನಡೆಸಿದ. ಮರದಿಂದ ಎತ್ತಿದ ಕೂಡಲೇ ಬೆರಳು ನಡುಗಿತು. ಮತ್ತೆ ಊರಿದ.