ಮಣಿಕಟ್ಟಿನ ವಯಸ್ಸು

ಹೆಮ್ಮರಗಾಲದ ಆ ಮನೆಯಲ್ಲಿ ಬೇಯಿಸಿದ ಮೊಟ್ಟೆ ಯಾರ ತಟ್ಟೆಗೆ ಎಂದು ಯಾರೂ ಕೇಳುತ್ತಿರಲಿಲ್ಲ. ಅಜ್ಜಿ ಮಾದಮ್ಮ ಸಿಪ್ಪೆ ಸುಲಿದು ಮೊಮ್ಮಗ ಶಿವುವಿನ ತಟ್ಟೆಗೆ ಹಾಕುತ್ತಿದ್ದಳು. ಅವನ ಅಕ್ಕ ಬಿಂದುಶ್ರೀ ಮುದ್ದೆ, ಉಪ್ಸಾರು ಉಂಡು ಸ್ಕೂಲಿಗೆ ಹೊರಡುತ್ತಿದ್ದಳು. ಎಳ್ಳುಂಡೆ, ಬಾಡು, ಮೀನು ಎಲ್ಲಕ್ಕೂ ಇದೇ ಕಟ್ಟಳೆ. ಇವು ಉಷ್ಣದ ಪದಾರ್ಥ, ತಿಂದರೆ ಹೆಣ್ಣುಮಕ್ಕಳು ಬೇಗ ಮೈನೆರೆಯುತ್ತಾರೆ ಎಂಬುದು ಮಾದಮ್ಮನ ನಂಬಿಕೆ.

ಸೊಸೆ ಚಲುವಮ್ಮ ಇದಕ್ಕೆ ಎಂದೂ ಎದುರಾಡಿದವಳಲ್ಲ. ಅವಳಿಗೆ ಅವಳದೇ ಕಾರಣವಿತ್ತು. ಏಳನೇ ಕ್ಲಾಸಿನಲ್ಲಿ ಅವಳು ಮೈನೆರೆದ ವಾರವೇ ಸ್ಕೂಲು ಬಿಡಿಸಿದ್ದರು, ಸ್ವಲ್ಪ ದಿನಕ್ಕೇ ಮಾದಮ್ಮನ ಮಗ ರಾಜೇಂದ್ರನಿಗೆ ಕಟ್ಟಿದ್ದರು. ಮಗಳು ತಡವಾಗಿ ದೊಡ್ಡವಳಾದಷ್ಟೂ ಹೆಚ್ಚು ಓದುತ್ತಾಳೆ ಎಂಬುದು ಚಲುವಮ್ಮನ ಲೆಕ್ಕ. ನಂಜನಗೂಡಿನ ಕಾರ್ಖಾನೆಯಲ್ಲಿ ಕಸ ಗುಡಿಸಿ ಸೊಂಟ ಬಿದ್ದುಹೋದಾಗಲೂ ಈ ಲೆಕ್ಕವೇ ಅವಳನ್ನು ಎಬ್ಬಿಸಿ ನಿಲ್ಲಿಸುತ್ತಿತ್ತು.

ಆದರೆ ಬಿಂದುಶ್ರೀಗೆ ಹದಿನಾಲ್ಕು ತುಂಬಿದರೂ ಒಂಬತ್ತನೇ ಕ್ಲಾಸಿನ ಸಾಲಿನಲ್ಲಿ ಅವಳೇ ಗಿಡ್ಡಿ. ತಮ್ಮ ಅವಳನ್ನು ಮೀರಿ ಬೆಳೆದಿದ್ದ. ನಾಲ್ಕು ಹೆಜ್ಜೆ ಓಡಿದರೆ ಏದುಸಿರು. ಸ್ಕೂಲಿಗೆ ತಪಾಸಣೆಗೆ ಬಂದ ಡಾಕ್ಟರು ನಂಜನಗೂಡಿನಲ್ಲಿ ಸ್ಕ್ಯಾನಿಂಗ್ ಮಾಡಿಸಿ ಎಂದಾಗ ಮಾದಮ್ಮ ಹೌಹಾರಿದಳು.

"ಮದ್ವೆ ಆಗ್ದಿರೋ ಎಣ್ಗೆ ಸ್ಕ್ಯಾನಿಂಗಾ? ಊರೋರು ಬಾಯ್ಗೆ ಬಂದಂಗೆ ಆಡ್ಕಳಲ್ವಾ?"

"ಆಡ್ಕಳ್ಲಿ ಬುಡಿ ಅತ್ತೆ," ಎಂದಳು ಚಲುವಮ್ಮ. ಪಾಳಿ ಮುಗಿಸಿ ಆಗಷ್ಟೇ ಬಂದಿದ್ದಳು. ವಾದ ಮಾಡುವ ಕಸುವು ಅವಳಲ್ಲಿರಲಿಲ್ಲ.

ಸ್ಕ್ಯಾನಿಂಗ್ ಕೋಣೆಯ ಹೊರಗೆ ಬೆಂಚಿನ ತುಂಬ ಬಸುರಿಯರು. ಹುಟ್ಟುವ ಮಗು ಗಂಡೋ ಹೆಣ್ಣೋ ಇಲ್ಲಿ ಹೇಳುವುದಿಲ್ಲ ಎಂಬ ಬೋರ್ಡು ಗೋಡೆಯ ಮೇಲೆ. ಎಲ್ಲರ ಕಣ್ಣೂ ಹುಡುಗಿಯ ಮೇಲೆಯೇ. ಪಾಪ, ಬಿಂದುಶ್ರೀ ಒಳಗೆ ಹೋದ ಮೇಲೂ ಎರಡೂ ಕೈಯಿಂದ ಹೊಟ್ಟೆ ಮುಚ್ಚಿಕೊಂಡೇ ಕೂತಳು.

"ಹೊಟ್ಟೆ ಬೇಡ ಮರಿ, ಎಡಗೈ ಕೊಡು," ಎಂದರು ಡಾಕ್ಟರಮ್ಮ. ಮಣಿಕಟ್ಟಿಗೆ ತಣ್ಣನೆಯ ಜೆಲ್ ಹಚ್ಚಿ ಮೇಲೆ ಯಂತ್ರದ ಹಿಡಿ ಆಡಿಸಿದರು.

"ಮೂಳೆಗೆ ಎಕ್ಸ್‌ರೇ ಅಲ್ವಾ ಮೇಡಮ್?" ಎಂದಳು ಪಕ್ಕದಲ್ಲಿ ನಿಂತಿದ್ದ ಚಲುವಮ್ಮ.

"ಅದೂ ತೆಗೀಬಹುದು. ಇದು ಬರೀ ಶಬ್ದದ ಅಲೆ, ಮಗೂಗೆ ಏನೂ ಆಗಲ್ಲ. ವಯಸ್ಸಿಗೆ ತಕ್ಕ ಹಾಗೆ ಮೂಳೆ ಬಲಿತಿದೆಯಾ ಅಂತ ಅಂದಾಜು ಸಿಗುತ್ತೆ. ಈ ಬಿಳಿ ಗೆರೆ ಬಲಿತ ಮೂಳೆ. ಈ ಕಪ್ಪು ಜಾಗ ಇನ್ನೂ ಎಳಸು, ಎಳನೀರಿನ ಗಂಜಿ ಥರ." ಡಾಕ್ಟರಮ್ಮ ಪರದೆಯನ್ನೇ ನೋಡುತ್ತ ತಡೆದರು. "ಹದಿನಾಲ್ಕು ಅಂದ್ರಲ್ಲ? ಮೂಳೆಗೆ ಇನ್ನೂ ಹನ್ನೊಂದು."

"ಅಂಗಾರೆ ಇನ್ನೂ ಮೂರು ವರ್ಸ ಓದ್ಬೋದು!" ಚಲುವಮ್ಮನ ಬಾಯಿಂದ ಬಂದೇಬಿಟ್ಟಿತು. ಅವಳ ಮುಖ ಅರಳಿತ್ತು.

ಡಾಕ್ಟರಮ್ಮ ಕೈ ನಿಲ್ಲಿಸಿದರು. ಒಂದೊಂದಾಗಿ ಕೇಳಿದರು. ಮೊಟ್ಟೆ, ಎಳ್ಳು, ಏಳನೇ ಕ್ಲಾಸು, ಎಲ್ಲವನ್ನೂ ಚಲುವಮ್ಮ ಹೇಳಿಕೊಂಡಳು. ಮೊದಲು ಜಂಬದಿಂದ, ಆಮೇಲೆ ಮೆಲ್ಲಗೆ.

"ಹೊಟ್ಟೆಗೆ ಸಾಲದಿದ್ರೆ ಮೈನೆರೆಯೋದು ತಡ ಆಗಬಹುದು, ನಿಜ," ಎಂದರು ಡಾಕ್ಟರಮ್ಮ. ಬೆಳಗಿನಿಂದ ಕೂತು ಅವರೂ ದಣಿದಿದ್ದರು. "ಜೊತೆಗೆ ಮೂಳೆ, ರಕ್ತ, ಓದೋ ಶಕ್ತಿ ಎಲ್ಲಾ ಹಿಂದೆ ಬೀಳುತ್ತೆ. ಬೇರೆ ಕಾಯಿಲೆ ಇದೆಯಾ ಅಂತ ರಕ್ತ ಪರೀಕ್ಷೆ ಮಾಡಿಸೋಣ. ಇನ್ನೂ ಬೆಳೆಯೋ ಕಾಲ ಇದೆ, ಮುಂದೆ ಇರಲ್ಲ. ಒಂದು ಮಾತು ಕೇಳ್ತೀನಿ, ನಿಮ್ಮನ್ನ ಸ್ಕೂಲು ಬಿಡಿಸಿದ್ದು ಮೊಟ್ಟೆನಾ, ಮನೆಯವರಾ?"

ಚಲುವಮ್ಮನಿಗೆ ಉತ್ತರ ಗೊತ್ತಿತ್ತು.

ಬಸ್ಸಿನಲ್ಲಿ ಮಗಳು ಹೆಗಲಿಗೊರಗಿ ಹೇಳಿದಳು: "ಮೊಟ್ಟೆ ಯಾಕೆ ಕೊಡಲ್ಲ ಅಂತ ನಂಗೂ ಗೊತ್ತಿತ್ತು ಅವ್ವ. ಶಿವು ತಿನ್ನುವಾಗ ಆಸೆ ಆಯ್ತಿತ್ತು. ತಿಂದ್ರೆ ಸ್ಕೂಲು ಬುಡುಸ್ತಾರೆ ಅಂತ ಕೇಳ್ತಿರ್ಲಿಲ್ಲ." ಚಲುವಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಊರು ಬರುವವರೆಗೂ ಒರೆಸಿಕೊಳ್ಳುತ್ತಲೇ ಇದ್ದಳು.

ಮರುದಿನ ಅವಳೇ ಎರಡು ಮೊಟ್ಟೆ ಬೇಯಿಸಿದಳು. ಒಂದನ್ನು ಶಿವುವಿಗೆ ಕೊಟ್ಟು, ಇನ್ನೊಂದನ್ನು ಸುಲಿದು ಮಗಳ ತಟ್ಟೆಗಿಟ್ಟಳು.

ಮಾದಮ್ಮ ಸಿಡುಕಿದಳು. "ಇದ್ಯಾಕಮ್ಮಿ? ನಾಳೆ ನೆರೆದ್ಬುಟ್ರೆ?"

"ನೆರೀಲಿ ಅತ್ತೆ. ಗುಡ್ಲು ಆಕ್ಸಿ ಕೂರ್ಸಿ, ಆರ್ತಿ ಎತ್ತಿ, ಗುಡ್ಲಿಂದ ಎದ್ದ ಮ್ಯಾಲೆ ಸ್ಕೂಲ್ಗೇ ಕಳುಸ್ತೀನಿ. ಬುಡುಸ್ತೀನಿ ಅನ್ನೋರು ಮೊದ್ಲು ನನ್ನ ಕೇಳ್ಲಿ. ನಿಮ್ಮ ಮಗ ಆದ್ರೂ ಸರಿ."

ಆ ಮನೆಗೆ ಬಂದಾಗಿನಿಂದ ಅವಳು ಇಷ್ಟುದ್ದ ಎದುರಾಡಿದ್ದು ಇದೇ ಮೊದಲು. ಮಾದಮ್ಮ ಗೊಣಗುತ್ತಲೇ ಉಪ್ಪಿನ ಡಬ್ಬಿಯನ್ನು ಮೊಮ್ಮಗಳ ಕಡೆ ಸರಿಸಿದಳು.

ಬಿಂದುಶ್ರೀ ಮೊಟ್ಟೆ ಮುಟ್ಟಲಿಲ್ಲ. "ನಿಜ್ವಾ ಅವ್ವ? ಬುಡ್ಸಲ್ವಾ?"

"ತಿನ್ನು ಮಗ," ಎಂದಳು ಚಲುವಮ್ಮ. "ಸ್ಕೂಲಿಗೆ ಒತ್ತಾಯ್ತು."