ಏಳು ಕೈಗೆ ಬೇಕಾದ ಗರಗಸ

“ಇದನ್ನ ಬಿಚ್ಚಿ ಲಾಕ ಮಾಡಿ ಕೊಡ್ರಿ. ಗಟ್ಟಿ ನಿಲ್ತೈತೋ ಇಲ್ಲೋ ನಾ ನೋಡ್ತೇನಿ,” ಎಂದಳು ಹಜರಾಬಿ.

ಅಂಗಡಿಯ ಬಾಬುಲಾಲ ಕೆಂಪು ಹಿಡಿಕೆಯ ಮಡಚು ಗರಗಸವನ್ನು ಬಿಚ್ಚಿ ಕೌಂಟರಿನ ಮೇಲೆ ಅವಳತ್ತ ಸರಿಸಿದ. ಗರಗಸ ಕೊಳ್ಳಲು ಬಂದವರು ಸಾಮಾನ್ಯವಾಗಿ ಮೊದಲು ಹಲ್ಲಿನ ಮೇಲೆ ಹೆಬ್ಬೆರಳು ಆಡಿಸುತ್ತಾರೆ. ಹಜರಾಬಿ ಹಲ್ಲಿನ ಕಡೆ ನೋಡಲೇ ಇಲ್ಲ. ಅಲಗಿನ ಬೆನ್ನನ್ನು ಕೌಂಟರಿನ ಅಂಚಿಗೆ ಆನಿಸಿ, ಅಂಗೈಯಿಂದ ಹಿಡಿಕೆಯ ಮೇಲೆ ಮೈಭಾರ ಹಾಕಿದಳು. ಕಟಕ್ ಎಂದು ಲಾಕು ಜಾರಿ, ಅಲಗು ಮಡಚಿ ಹಿಡಿಕೆಯೊಳಗೆ ಕೂತಿತು. ಅವಳ ಬೆರಳುಗಳು ಆ ದಾರಿಯಲ್ಲಿರಲಿಲ್ಲ.

“ಇದು ಬ್ಯಾಡ್ರಿ.”

“ಅಷ್ಟು ಜೋರ ಹಾಕಿದ್ರ ಯಾವುದಾರ ತಡೀತೈತೇನ್ರಿ ಅಕ್ಕಾರ?”

“ಗಿಡದಾಗ ಹೊಕ್ಕು ಎಳಿಯೂಮುಂದ ಇದಕ್ಕಿಂತ ಜೋರ ಬೀಳ್ತೈತ್ರಿ.”

ಬಾಬುಲಾಲ ಅವಳ ಹಿಂದೆ ಕತ್ತು ಚಾಚಿ ನೋಡಿದ. ಅಲ್ಲಿ ಖಾಲಿ ಚೀಲ ಹಿಡಿದ, ತೋಟದ ಕೆಲಸದ ತಿಪ್ಪವ್ವನ ಹೊರತು ಅವಳ ಜೊತೆಗೆ ಬಂದವರು ಯಾರೂ ಇರಲಿಲ್ಲ. ಬಾಗಿಲ ಬಳಿ ಕಂಬಳಿ ಹೊದ್ದ ಒಬ್ಬ ಕುರಿಗಾರ ತನ್ನ ಪಾಳಿಗೆ ಕಾಯುತ್ತಿದ್ದ.

“ಸಂಗಣ್ಣಗೌಡ್ರು ಫೋನ್ ಮಾಡಿದ್ರು. ತ್ವಾಟದ ಮೇಸ್ತ್ರಿನ್ನ ಕಳಸೇನಿ, ಅವ್ರು ಕೇಳಿದ್ದ ಕೊಡು ಅಂದ್ರು. ಮೇಸ್ತ್ರಿ ಹಿಂದಿನ ಬಸ್ಸಿಗೆ ಬರ್ತಾನೇನ್ರಿ?”

“ನಿಮ್ಮ ಮುಂದ ನಿಂತಾರಲ್ಲ,” ಎಂದಳು ತಿಪ್ಪವ್ವ.

ಹಜರಾಬಿಯ ಕಿವಿ ಬಿಸಿಯಾದವು. ಗೌಡರು ತನ್ನನ್ನು ಹಾಗೆ ಕರೆದದ್ದು ಅವಳಿಗೆ ಗೊತ್ತಿರಲಿಲ್ಲ. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, “ಮುಂದಿಂದು ತೋರಸ್ರಿ,” ಎಂದಳು.

ಮೋರಟಗಿಯ ಸಂಗಣ್ಣಗೌಡರ ನಿಂಬೆ ತೋಟದಲ್ಲಿ ನಾಲ್ಕುನೂರು ಗಿಡಗಳಿದ್ದವು. ಇಪ್ಪತ್ತು ವರ್ಷದಿಂದ ಹಜರಾಬಿ ಅಲ್ಲಿ ಕಾಯಿ ಹರಿಯುತ್ತ ಬಂದವಳು. ಕಾಯಿ ಹರಿಯುವುದು ಹೆಂಗಸರ ಕೆಲಸ, ಟೊಂಗೆ ಕಡಿಯುವುದು ಗಂಡಸರ ಕೆಲಸ. ಫಸಲು ಮುಗಿದ ಮೇಲೆ ಊರಿನ ಮುತ್ತು ಎಂಬವನು ತನ್ನ ಮಂದಿ ಕಟ್ಟಿಕೊಂಡು ಬಂದು ಕೊಡಲಿಯಿಂದ ಕಡಿದು ಹೋಗುತ್ತಿದ್ದ. ಕಡಿದ ಟೊಂಗೆ ಬೀಳುವಾಗ ಕಾಂಡದ ಸಿಪ್ಪೆಯನ್ನೂ ಒಂದು ಮೊಳ ಸುಲಿದುಕೊಂಡು ಬೀಳುತ್ತಿತ್ತು. ಆ ಗಾಯದಿಂದ ಅಂಟು ಸೋರುತ್ತಿತ್ತು, ವರ್ಷ ಕಳೆಯುವುದರೊಳಗೆ ಗಿಡದ ಆ ಮಗ್ಗಲು ಒಣಗುತ್ತಿತ್ತು. ದಿನವೆಲ್ಲ ಗಿಡದ ಕೆಳಗೇ ಇರುವವಳಿಗೆ ಇದು ಕಾಣದೆ ಇರಲಿಲ್ಲ. ಊರಿಗೆ ಬಂದ ತೋಟಗಾರಿಕೆಯ ಅಧಿಕಾರಿಯೊಬ್ಬರು ಗರಗಸದಿಂದ ಟೊಂಗೆ ತೆಗೆಯುವುದನ್ನು ತೋರಿಸಿದಾಗ, ಗಂಡಸರು ನೆರಳಿನಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಗರಗಸ ಇಸಿದುಕೊಂಡು ತಾನೂ ಎಳೆದು ನೋಡಿದವಳು ಹಜರಾಬಿ ಒಬ್ಬಳೇ.

ಹೋದ ವರ್ಷ ಗೌಡರ ಬೆನ್ನುಬಿದ್ದು ಒಂದು ಸಾಲನ್ನು ತಾನೇ ಕೊಯ್ಯಲು ಬೇಡಿ ಪಡೆದಳು. ಅವರ ಮನೆಯಲ್ಲಿ ಬಿದ್ದಿದ್ದ ಹಳೇ ಮಡಚು ಗರಗಸವನ್ನೇ ಹಿಡಿದಳು. ಒಂಬತ್ತನೇ ಗಿಡದಲ್ಲಿ ಅದರ ಲಾಕು ಜಾರಿ, ಅಲಗು ಅವಳ ಬಲಗೈಯ ಎರಡು ಬೆರಳಿನ ಮೇಲೆ ಮಡಚಿಕೊಂಡಿತು. ಹೊಲಿಗೆ ಬಿದ್ದವು. “ಗರಗಸಕ್ಕ ಗೊತ್ತಾತು ನೋಡ್ರಿ, ಯಾರ ಕೈಯಾಗ ಇರಬಾರ್ದಂತ,” ಎಂದು ಮುತ್ತು ಮಂದಿಯ ನಡುವೆ ನಕ್ಕಿದ್ದ. ಹೊಲಿಗೆ ಬಿಚ್ಚಿಸಿಕೊಂಡ ಮರುದಿನವೇ ಹಜರಾಬಿ ಹತ್ತನೇ ಗಿಡಕ್ಕೆ ಹೋದಳು. ಈ ವರ್ಷ ಆ ಸಾಲು ಬುಡದಿಂದ ನೆತ್ತಿಯವರೆಗೆ ಕಾಯಿ ಹಿಡಿಯಿತು.

ಗೌಡರು ಮಾತು ಕಡಿಮೆಯ ಮನುಷ್ಯ. “ಈ ಸಲ ಇಡೀ ತ್ವಾಟ ನೀನ ನೋಡ್ಕೋ. ನಿನ್ನ ಹಿಡದು ಏಳು ಮಂದಿ ಹೆಣ್ಮಕ್ಳನ್ನ ಕಟಗೊ. ಬುಧವಾರ ಸುರು ಆಗಬೇಕು, ಮಳಿ ಹಿಡೀತಂದ್ರ ಮುಗೀತು. ಆಗೂದಿಲ್ಲ ಅಂದ್ರ ಈಗ ಹೇಳು, ಮುತ್ತುನ ಕರೀತೇನಿ,” ಎಂದಿದ್ದರು.

“ಆಗ್ತೈತ್ರಿ,” ಎಂದಿದ್ದಳು ಹಜರಾಬಿ. ಇವತ್ತು ಮಂಗಳವಾರ.

ಬಾಬುಲಾಲ ಎರಡನೆಯದನ್ನು ತೆಗೆದ. ಉದ್ದನೆಯ ಬಾಗಿದ ಅಲಗು, ದಪ್ಪ ಹಲ್ಲು, ಡಬ್ಬಿಯ ಮೇಲೆ ದೊಡ್ಡ ಮರದ ಚಿತ್ರ. ಮೈಭಾರ ಹಾಕಿದರೂ ಲಾಕು ಜಗ್ಗಲಿಲ್ಲ. ಹಜರಾಬಿ ತನ್ನ ಕೈಚೀಲದಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿದ್ದ ಹಸಿ ನಿಂಬೆ ಟೊಂಗೆ ಹೊರತೆಗೆದಳು. ಮುಂಗೈಯಷ್ಟು ದಪ್ಪ, ಮುಳ್ಳು ಸವರಿ ತಂದಿದ್ದಳು. ತಿಪ್ಪವ್ವ ಅದನ್ನು ಮೆಟ್ಟಿಲಿಗೆ ಒತ್ತಿ ಹಿಡಿದಳು. ನಾಲ್ಕೇ ಎಳೆತಕ್ಕೆ ಟೊಂಗೆ ಎರಡಾಯಿತು.

“ನೋಡ್ರಿ, ಬೆಣ್ಣಿ ಕೊಯ್ದಂಗ,” ಎಂದ ಬಾಬುಲಾಲ.

ಹಜರಾಬಿ ಕೊಯ್ದ ತುದಿಯನ್ನು ಬೆಳಕಿಗೆ ಹಿಡಿದಳು. ಸುತ್ತಲೂ ಸಿಪ್ಪೆ ಎಳೆಎಳೆಯಾಗಿ ಕಿತ್ತಿತ್ತು. “ಇದು ಜಾಲಿ ಕಡಿಯಾಕ ಚಲೋ ಐತ್ರಿ. ಲಿಂಬಿಗಲ್ಲ. ಮತ್ತ ಇಷ್ಟುದ್ದ ಅಲಗು ಎಳೀಬೇಕಂದ್ರ ಮುಳ್ಳಿನ ಒಳಗ ಮೊಣಕೈ ಆಡಸಾಕ ಜಾಗಾ ಎಲ್ಲೈತಿ?”

ಬಾಬುಲಾಲ ಈಗ ಬೇರೆ ರೀತಿ ನೋಡಿದ. ಎದ್ದು ಒಳಗೆ ಹೋಗಿ, ಕೆಳಗಿನ ಖಾನೆಯಿಂದ ಧೂಳು ಹಿಡಿದ ಒಂದು ಸಣ್ಣ ಗರಗಸ ತಂದ. ಕಪ್ಪು ಹಿಡಿಕೆ, ಒಂದು ಗೇಣಿನ ನೆಟ್ಟನೆಯ ಅಲಗು. “ಇದನ್ನ ಯಾರೂ ಕೇಳೂದಿಲ್ರಿ. ಸಣ್ಣದಾತು ಅಂತಾರ.”

ಅವಳು ಭಾರ ಹಾಕಿದಳು. ತಿಪ್ಪವ್ವನನ್ನೂ ಕರೆದು ಇಬ್ಬರೂ ಸೇರಿ ಭಾರ ಹಾಕಿದರು. ಅಲಗು ಮಿಸುಕಲಿಲ್ಲ. ಸಣ್ಣ ಹಲ್ಲುಗಳೆಲ್ಲ ಹಿಡಿಕೆಯ ಕಡೆ ಬಾಗಿದ್ದವು. ದೂಡುವಾಗ ಸುಮ್ಮನೆ ಜಾರಿ, ಎಳೆಯುವಾಗ ಕೊಯ್ಯುವಂಥವು. ಮೊದಲು ಕೆಳಗಿನಿಂದ ಒಂದಿಷ್ಟು ಕೊಯ್ದು, ಆಮೇಲೆ ಮೇಲಿನಿಂದ ಎಳೆದಳು. ತುಂಡು ತಾನಾಗಿಯೇ ಕಳಚಿ ಬಿತ್ತು. ಕೊಯ್ದ ಮುಖದ ಮೇಲೆ ಹೆಬ್ಬೆರಳು ಆಡಿಸಿದಳು. ಎಲ್ಲೂ ಎಳೆ ಸಿಗಲಿಲ್ಲ.

ಗರಗಸವನ್ನು ತಿಪ್ಪವ್ವನ ಕೈಗೆ ಕೊಟ್ಟಳು. ಏಳು ಮಂದಿಯಲ್ಲಿ ಎಲ್ಲರಿಗಿಂತ ಚಿಕ್ಕ ಕೈ ಅವಳದು. “ಹೆಂಗ?”

ತಿಪ್ಪವ್ವ ಒಂದೇ ಕೈಯಲ್ಲಿ ಬಿಚ್ಚಿದಳು, ಮಡಚಿದಳು. “ನಂದ ಅನಸ್ತೈತಿ.”

“ಏಳು ಕೊಡ್ರಿ.”

ಹುಡುಕಿದರೆ ಇದ್ದದ್ದು ಐದೇ. “ಉಳದ ಎರಡು ಕೆಂಪುವು ಒಯ್ರಿ,” ಎಂದ ಬಾಬುಲಾಲ. “ಶನಿವಾರ ವಿಜಯಪುರದಿಂದ ಮಾಲು ಬರ್ತೈತಿ, ಬದ್ಲಿ ಮಾಡಿ ಕೊಡ್ತೇನಿ.”

ತಿಪ್ಪವ್ವ ಅವಳ ಕಿವಿಯ ಹತ್ತಿರ ಬಂದಳು. “ಮೂರ ದಿನ ಅಲ್ಲೇನಕ್ಕಾ, ಒಂದು ಕೆಂಪಂದು ನಾನ ಹಿಡೀತೇನಿ. ನಾಳೆ ಐದ ಗರಗಸ ನೋಡಿದ್ರ ಮುತ್ತು ನಗಾಕ ಸುರು ಮಾಡ್ತಾನ.”

ಹಜರಾಬಿ ತನ್ನ ಬಲಗೈ ಬೆರಳು ಮಡಚಿದಳು. ಎರಡು ಪೂರ್ತಿ ಮಡಚುತ್ತಿರಲಿಲ್ಲ. “ನಗಲಿ. ಐದ ಕೊಡ್ರಿ ಅಣ್ಣಾರ. ಎರಡು ಶನಿವಾರ.”

“ಹಂಗಾರ ನಾಳೆ ನಮ್ಮೊಳಗ ಯಾರಿಗಿಲ್ಲ?” ಎಂದಳು ತಿಪ್ಪವ್ವ.

“ಹುಚ್ಚವ್ವಗಿಲ್ಲ, ಅಕಿ ಕಡದ ಟೊಂಗಿ ಎಳೀಲಿ. ಮತ್ತ ನನಗಿಲ್ಲ.”

ಆಗ ಬಾಗಿಲ ಬಳಿಯ ಕುರಿಗಾರ ಮುಂದೆ ಬಂದ. “ಬಾಬುಲಾಲಣ್ಣ, ಜಾಲಿಗಿ ಚಲೋ ಅಂದ್ರಲ್ಲ ಇವ್ರು, ಅದನ್ನ ನನಗ ಕೊಡು.” ಬಾಬುಲಾಲ ಹೊಸ ಡಬ್ಬಿ ಒಡೆದು ಗರಗಸ ಬಿಚ್ಚಿಕೊಟ್ಟರೆ ಕುರಿಗಾರ ಅದನ್ನು ಹಜರಾಬಿಯ ಕಡೆ ಚಾಚಿದ. “ಅಕ್ಕಾರ, ಇದರ ಲಾಕ ಒಮ್ಮೆ ನೋಡ್ರಿ.”

ಅವಳು ಅಂಚಿಗೆ ಆನಿಸಿ ಭಾರ ಹಾಕಿ ನೋಡಿದಳು. “ಒಯ್ರಿ, ಗಟ್ಟಿ ಐತಿ.”

ಮರುದಿನ ಹೊತ್ತು ಮೂಡುತ್ತಲೇ ಏಳು ಮಂದಿ ತೋಟದಲ್ಲಿದ್ದರು. ಕರೆಯದಿದ್ದರೂ ಮುತ್ತು ಬಂದು, ಕೊಡಲಿ ಮಗ್ಗುಲಿಗಿಟ್ಟುಕೊಂಡು ಒಡ್ಡಿನ ಮೇಲೆ ಕೂತಿದ್ದ.

“ಏಳು ಗರಗಸ ಅಂದಿದ್ದಿ, ಐದ ಅದಾವು,” ಎಂದರು ಸಂಗಣ್ಣಗೌಡರು.

“ಲಾಕ ಗಟ್ಟಿ ಇರೂವು ಐದ ಸಿಕ್ಕುವ್ರಿ.”

ಗೌಡರ ಕಣ್ಣು ಅವಳ ಬೆರಳುಗಳ ಮೇಲೆ ಹೋಯಿತು.

ಮೊದಲ ಗಿಡವನ್ನು ತಾನೇ ಕೊಯ್ಯಬೇಕೆಂದು ಹಜರಾಬಿ ವರ್ಷವಿಡೀ ಅಂದುಕೊಂಡಿದ್ದಳು. ಈಗ ಅವಳ ಕೈಯಲ್ಲಿದ್ದದ್ದು ಒಂದು ಬಟ್ಟಲು ಸುಣ್ಣ. ಬಗ್ಗಿ ಗಿಡದೊಳಗೆ ಹೊಕ್ಕು, ಒಣಗಿದ್ದು ಯಾವುದು, ಒಂದಕ್ಕೊಂದು ತಿಕ್ಕುವುದು ಯಾವುದು ಎಂದು ನೋಡಿ, ಕೊಯ್ಯಬೇಕಾದಲ್ಲಿ ಬೆರಳಿನಿಂದ ಬಿಳಿ ಗೆರೆ ಎಳೆದಳು. “ಇಲ್ಲಿ. ಮೊದಲ ಕೆಳಗಿಂದ ಒಂದೀಟು.” ಅವರು ಒಂದು ಗಿಡ ಮುಗಿಸುವುದರೊಳಗೆ ಮುಂದಿನ ಮೂರು ಗಿಡಗಳಿಗೆ ಗೆರೆ ಬಿದ್ದಿರುತ್ತಿತ್ತು. ಐದು ಗರಗಸಗಳ ಸದ್ದು ಅವಳ ಬೆನ್ನ ಹಿಂದೆ ಬರುತ್ತಿತ್ತು. ಅದನ್ನು ಕೇಳಿಯೇ ಯಾರು ಅವಸರ ಮಾಡುತ್ತಿದ್ದಾರೆಂದು ಅವಳಿಗೆ ತಿಳಿಯುತ್ತಿತ್ತು. ತಿರುಗಿ ನೋಡದೆ, “ಸಾವಕಾಶ, ಸುರೇಖಾ,” ಎನ್ನುತ್ತಿದ್ದಳು.

ಹತ್ತು ಗಂಟೆಯ ಹೊತ್ತಿಗೆ ಮುತ್ತು ಒಡ್ಡಿನಿಂದ ಎದ್ದು ಬಂದ. ಕೊಯ್ದ ಒಂದು ಗಾಯವನ್ನು ಮುಟ್ಟಿ ನೋಡಿದ. ಇನ್ನೊಂದನ್ನು ಮುಟ್ಟಿದ.

“ಸಿಪ್ಪಿ ಹರದಿಲ್ಲ,” ಎಂದ. ಆಮೇಲೆ ಆಚೆ ಬದಿಗೆ ಕೈ ತೋರಿಸಿದ. “ಆಚೀ ಸಾಲಿನ್ಯಾಗ ಪೂರ್ತಿ ಸತ್ತ ಗಿಡಾ ನಾಕ ಅದಾವು. ಅವು ಈ ಸಣ್ಣ ಗರಗಸಕ್ಕ ಬಗ್ಗೂದಿಲ್ಲ.”

“ಹೌದು, ಅವಕ್ಕ ಕೊಡ್ಲಿನ ಬೇಕು,” ಎಂದಳು ಹಜರಾಬಿ. “ಅವು ನಿನಗ. ಬೀಳೂಮುಂದ ಮಗ್ಗಲ ಗಿಡಕ್ಕ ಬಡೀದಂಗ ನೋಡ್ಕೊಂಡು ಕಡಿ.”

ಮುತ್ತು ಗೌಡರ ಮುಖ ನೋಡಿದ. ಗೌಡರು ನಿಂಬೆ ಎಲೆಯೊಂದನ್ನು ತಿರುವಿ ನೋಡುತ್ತಿದ್ದರು. ಅವನು ಕೊಡಲಿ ಹೆಗಲಿಗೇರಿಸಿ ಆಚೆ ಸಾಲಿಗೆ ನಡೆದ.

ಮಧ್ಯಾಹ್ನಕ್ಕೆ ಒಂದು ಸಾಲು ಮುಗಿದಿತ್ತು. ಹೆಂಗಸರು ಗರಗಸ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಕಾಲುವೆಯಲ್ಲಿ ಕೈ ತೊಳೆದು ರೊಟ್ಟಿ ಬಿಚ್ಚಿದರು. ತಿಪ್ಪವ್ವ ಕೂಗಿ ಕರೆದಳು. ಹಜರಾಬಿ ಬರುತ್ತೇನೆಂದು ಕೈ ಮಾಡಿ, ಸುಣ್ಣದ ಬೆರಳುಗಳನ್ನು ಸೆರಗಿಗೆ ತಾಗದಂತೆ ಹಿಡಿದು, ಸಾಲಿನ ತುದಿಯಲ್ಲೇ ನಿಂತಳು. ಬೆಳಗ್ಗೆವರೆಗೂ ಬರೀ ನೆರಳಿದ್ದ ಬುಡದ ಕಪ್ಪು ಮಣ್ಣಿನ ಮೇಲೆ ಈಗ ಬಿಸಿಲು ಚೂರುಚೂರಾಗಿ ಬಿದ್ದಿತ್ತು. ಎಲ್ಲಿಂದಲೋ ಬಂದ ಒಂದು ಗುಬ್ಬಿ ಮೊದಲ ಗಿಡದೊಳಗೆ ಹೊಕ್ಕು, ಎಲ್ಲೂ ಕೂರದೆ, ಟೊಂಗೆಗಳ ನಡುವಿನಿಂದ ನೆಟ್ಟಗೆ ಹಾರಿ ಆಚೆ ಬದಿಗೆ ಹೊರಬಿತ್ತು.