ಬಿಂದುರಾಯರ ಸಹಿ

ಬಿಂದುರಾಯರು ಯಾವ ಸಂಖ್ಯೆಯನ್ನೂ ‘ಸುಮಾರು’ ಎಂಬ ಪದಕ್ಕೆ ಒಪ್ಪಿಸಿದವರಲ್ಲ. ಗಂಟೆ ಎಷ್ಟೆಂದರೆ ಸೆಕೆಂಡುಗಳ ಸಮೇತ ಹೇಳುವರು. “ಉಪ್ಪು ಎಷ್ಟು ಹಾಕ್ಲಿ ಅಂತ ಇವರನ್ನ ಕೇಳಿದ್ರೆ ಅಡುಗೆ ಆರಿಹೋಗುತ್ತೆ” ಎಂದು ಹೆಂಡತಿ ನಗುವರು. ಮೊಣಕೈ ಸವೆದ ಬೂದು ಕೋಟು, ಗೋಡೆ ಸವರಿಕೊಂಡೇ ಸಾಗುವ ನಡಿಗೆ, ಮಾತಿನ ನಡುನಡುವೆ “ಲೆಕ್ಕ ಇದೆ, ಲೆಕ್ಕ ಇದೆ” ಎಂಬ ಪಲ್ಲವಿ.

ರೋಗಿಯ ರಕ್ತನಾಳಕ್ಕೆ ಔಷಧವನ್ನು ಹನಿಹನಿಯಾಗಿ ತಳ್ಳುವ ಪಂಪುಗಳ ಕಾರ್ಖಾನೆಯಲ್ಲಿ ಅವರು ಪ್ರೋಗ್ರಾಮರ್. ಪಂಪಿನ ಅಗ್ಗದ ಚಿಪ್ಪಿಗೆ ಪೂರ್ಣಾಂಕಗಳು ಮಾತ್ರ ಗೊತ್ತಿದ್ದುದರಿಂದ, ದಶಮಾಂಶ ಬಿಂದುವಿನ ಗಣಿತವನ್ನೆಲ್ಲ ರಾಯರು ಹನ್ನೆರಡು ವರ್ಷಗಳ ಹಿಂದೆ ಕೈಯಾರೆ ಸಾಫ್ಟ್‌ವೇರಿನಲ್ಲಿ ಬರೆದಿದ್ದರು. ‘ಬಿಂದು’ ಎಂಬ ಅಡ್ಡಹೆಸರು ಬಂದದ್ದೂ ಅದರಿಂದಲೇ. ಆ ಗಣಿತವನ್ನು ತನ್ನೊಡಲಲ್ಲೇ ಮಾಡಬಲ್ಲ ಹೊಸ ಚಿಪ್ಪು ಬಂದಾಗ ಮೂರು ವರ್ಷ ಅಡ್ಡಗಾಲು ಹಾಕಿದರು. “ಅದರ ಹೊಟ್ಟೆಯೊಳಗೆ ಏನು ನಡೆಯುತ್ತೋ ಯಾರು ಕಂಡಿದ್ದಾರೆ? ನನ್ನದಾದ್ರೆ ಸಾಲು ಸಾಲಾಗಿ ಓದ್ಬಹುದು.”

ಕೊನೆಗೆ ಪರೀಕ್ಷಾ ವಿಭಾಗದ ಇಂಜಿನಿಯರಮ್ಮ ಒಂದೇ ಪ್ರೋಗ್ರಾಮನ್ನು ರಾಯರ ಗಣಿತದೊಡನೆ ಒಮ್ಮೆ, ಹೊಸ ಚಿಪ್ಪಿನ ಗಣಿತದೊಡನೆ ಒಮ್ಮೆ ಕಂಪೈಲ್ ಮಾಡಿ, ಹಳೆಯ ಪಂಪನ್ನೂ ಹೊಸದನ್ನೂ ಅಕ್ಕಪಕ್ಕ ಓಡಿಸಿದರು. ಮೂರನೆಯ ಮಧ್ಯಾಹ್ನ ಹಳೆಯದು ಖಾಲಿಯಾಗಿ ಕೂಗಿಕೊಂಡಿತು. ಹೊಸದರಲ್ಲಿ ಇನ್ನೂ ಎರಡು ಗಂಟೆಯ ಔಷಧವಿತ್ತು.

“ನೋಡಿದ್ರಾ ಅಮ್ಮಾ! ಹೊಸದು ಕಡಿಮೆ ತಳ್ತಿದೆ!”

“ಹೊರಬಂದ ಔಷಧಾನ ತೂಕ ಹಾಕಿದೀನಿ ಸರ್. ಹೊಸದು ಸರಿ ಇದೆ.”

ರಾಯರು ತಮ್ಮ ಸಾಲುಗಳನ್ನು ಬೆರಳಿಟ್ಟು ಓದಿದರು. ಪ್ರತಿ ಕೂಡುವಿಕೆಯಲ್ಲೂ ಕೊನೆಯ ಅಂಕಿಯಾಚೆ ಉಳಿದ ಚೂರನ್ನು ಹತ್ತಿರದ ಅಂಕಿಗೆ ಸೇರಿಸಬೇಕಿದ್ದಲ್ಲಿ, ಅವರು ಸುಮ್ಮನೆ ಕತ್ತರಿಸಿ ಎಸೆದಿದ್ದರು. ಕೊಟ್ಟದ್ದು ಕಡಿಮೆಯೆಂದು ಭ್ರಮಿಸಿದ ಪಂಪು ಚೂರುಚೂರೇ ಹೆಚ್ಚಿಗೆ ತಳ್ಳುತ್ತ ಬಂದಿತ್ತು.

“ಸದ್ದಿಲ್ಲದೆ ಚಿಪ್ ಬದಲಾಯಿಸಿಬಿಡೋಣ” ಎಂದರು ಮ್ಯಾನೇಜರು. ರಾಯರು ಪಂಪು ಕೊಂಡ ಆಸ್ಪತ್ರೆಗಳ ಪಟ್ಟಿ ತೆರೆದು, ಮೊದಲ ಆಸ್ಪತ್ರೆಗೆ ಫೋನು ಮಾಡಿ, ಹಿರಿಯ ನರ್ಸಿಗೆ ತಮ್ಮ ಹೆಸರು ಹೇಳಿ, ತಪ್ಪನ್ನೆಲ್ಲ ಒಪ್ಪಿಸಿದರು.

“ಅಯ್ಯೋ, ಅದು ನಮಗೆ ಮೊದಲೇ ಗೊತ್ತು ಸರ್. ಅದಕ್ಕೇ ದಿನಾ ಬೆಳಿಗ್ಗೆ ಪಂಪ್ ಆರಿಸಿ ಲೆಕ್ಕ ಹೊಸದಾಗಿ ಶುರು ಮಾಡಿಸ್ತೀವಿ. ನಾಲ್ಕು ಸಲ ಪತ್ರ ಬರೆದ್ವಿ. ‘ಪಂಪ್ ಸರಿ ಇದೆ, ನೀವು ಬಳಸೋ ಕ್ರಮ ತಪ್ಪು’ ಅಂತ ಉತ್ತರ ಬಂತು.” ಆಕೆ ಮುಂದುವರಿಸಿದರು: “ನಾಲ್ಕರಲ್ಲೂ ನಿಮ್ಮದೇ ಸಹಿ ಇದೆ.”

ಆ ಪತ್ರಗಳು ರಾಯರಿಗೆ ನೆನಪೇ ಇರಲಿಲ್ಲ. ಓದುವ ಮೊದಲೇ ಉತ್ತರ ಗೊತ್ತಿದ್ದವುಗಳನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

ಪಟ್ಟಿಯಲ್ಲಿದ್ದ ಹತ್ತೊಂಬತ್ತು ಆಸ್ಪತ್ರೆಗಳಿಗೂ ಅವರು ಖುದ್ದಾಗಿ ಹೋದರು. ಎಲ್ಲೆಡೆಯೂ ನರ್ಸುಗಳು ಅದೇ ಉಪಾಯ ಕಂಡುಕೊಂಡಿದ್ದರು; ಯಾರ ಜೀವಕ್ಕೂ ಕುತ್ತು ಬಂದಿರಲಿಲ್ಲ. ಹಿಂದಿರುಗಿ, ಪಂಪುಗಳಿಗೆಲ್ಲ ಹೊಸ ಚಿಪ್ಪು ಹಾಕಿಸಿ, ತಮ್ಮ ಸಾಲುಗಳನ್ನು ತಾವೇ ಅಳಿಸಿದರು.

ಇಂಥ ನಿಷ್ಠಾವಂತರನ್ನು ಕಂಡರೆ ನಮಗೆ ಗೌರವ, ಆ ಗೌರವಕ್ಕೆ ಅವರು ಅರ್ಹರೂ ಹೌದು. ಆದರೆ ಅಸಡ್ಡೆಯವನ ತಪ್ಪು ಸಂಜೆಯೊಳಗೆ ಸಿಕ್ಕಿಬೀಳುತ್ತದೆ. ನಿಷ್ಠಾವಂತನ ತಪ್ಪಿಗೆ ಆಯುಸ್ಸು ದೀರ್ಘ. ಅವನನ್ನು ಯಾರೂ ಪರೀಕ್ಷಿಸುವುದಿಲ್ಲ, ಅವನೂ ಸಹ.